ತೇವಾರಂನಿಂದ ತಂದ ಬೋರ್ಡು

ನನ್ನ ನಾದಿನಿ ಹಳೆಯ ಮದರ್‌ಬೋರ್ಡನ್ನು ಕೈಗೆತ್ತಿಕೊಂಡರೆ ಮೊದಲು ಮೂಸುತ್ತಾಳೆ. ನೋಡುವುದು ಆಮೇಲೆ. ಮದುವೆಯಾಗಿ ದಿಂಡಿಗಲ್ಲಿನಿಂದ ಚಿನ್ನಮನೂರಿಗೆ ಬಂದ ಹೊಸತರಲ್ಲಿ ಇದನ್ನು ಕಂಡು ನನಗೆ ನಗು ತಡೆಯಲಾಗಲಿಲ್ಲ. ಹಲಸಿನ ಹಣ್ಣನ್ನು ಮೂಸಿ ಕೊಳ್ಳುವವರನ್ನು ಕಂಡಿದ್ದೆ, ತುಪ್ಪ ಮೂಸುವವರನ್ನು ಕಂಡಿದ್ದೆ. ಕಂಪ್ಯೂಟರಿನ ಹೊಟ್ಟೆಯೊಳಗಿನ ಹಸಿರು ಹಲಗೆಗೆ ಮೂಗು ತಾಗಿಸಿ ಕಣ್ಣು ಮುಚ್ಚಿ ನಿಲ್ಲುವವರನ್ನು ಕಂಡಿರಲಿಲ್ಲ.

"ನಗ್ಬೇಡ ಅತ್ತಿಗೆ," ಎಂದಳು ಕಣ್ಣು ತೆರೆಯದೆಯೇ. "ಸುಟ್ಟಿದ್ದು ಮೊದ್ಲು ಮೂಗಿಗೆ ತಿಳೀತದೆ. ಕಣ್ಣಿಗೆ ಅಪ್ಪುರಂ."

ಅಪ್ಪುರಂ ಎಂದರೆ ಆಮೇಲೆ. ತಲೆಮಾರುಗಳಿಂದ ತಮಿಳುನಾಡಿನಲ್ಲಿ ನೆಲೆಸಿದ ನಮ್ಮ ಕನ್ನಡದ ಮನೆಮಾತು ಹೀಗೆಯೇ, ಅರ್ಧ ದಾರಿಯಲ್ಲಿ ತಮಿಳಿನ ಬಸ್ಸು ಹತ್ತಿಬಿಡುತ್ತದೆ. ದಿಂಡಿಗಲ್ಲಿನ ನನ್ನ ತವರಿನಲ್ಲಿ ಕನ್ನಡ ಅಜ್ಜಿಯ ಬಾಯಲ್ಲಿ ಮಾತ್ರ ಉಳಿದಿತ್ತು. ಅವರು ಕನ್ನಡದಲ್ಲಿ ಬೈದರೆ ನಾನು ತಮಿಳಿನಲ್ಲಿ ಎದುರು ಮಾತಾಡುತ್ತಿದ್ದೆ. ನಾಲಗೆ ಸಡಿಲವಾದದ್ದು ಈ ಮನೆಗೆ ಬಂದ ಮೇಲೆ. ಅಕ್ಷರ ಕಲಿತದ್ದು ಇನ್ನೂ ತಡವಾಗಿ, ಹಟಕ್ಕೆ ಬಿದ್ದು. ನಾದಿನಿ ಈಗಲೂ ನನ್ನನ್ನು 'ಬೀಗದೂರವಳು' ಎಂದೇ ಕಾಡುತ್ತಾಳೆ. ದಿಂಡಿಗಲ್ಲು ಬೀಗಕ್ಕೆ ಹೆಸರಾದ ಊರಾದ್ದರಿಂದ, ನಾನು ಬಾಯಿಗೆ ಬೀಗ ಹಾಕಿಕೊಂಡು ಬಂದವಳೆಂದು ಅವಳ ವಾದ. ಬೀಗ ತೆಗೆದ ಮೇಲೆ ಮುಚ್ಚುವುದೇ ಇಲ್ಲ ಎಂಬುದು ಅವಳ ಅಣ್ಣನ, ಅಂದರೆ ನನ್ನ ಗಂಡನ, ಅಭಿಪ್ರಾಯ.

ಅವಳು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು. ಮನೆಯ ಮುಂದಿನ ಜಗಲಿಗೆ ತಗಡಿನ ಮಾಡು ಇಳಿಸಿ ಅಲ್ಲಿಯೇ ಅಂಗಡಿ ಮಾಡಿಕೊಂಡಿದ್ದಾಳೆ. ಕಂಬಂ ಕಡೆಯ ದ್ರಾಕ್ಷಿ ತೋಟಗಳಿಂದ ಔಷಧಿ ಹೊಡೆಯುವ ಬ್ಯಾಟರಿ ಪಂಪುಗಳು ಬರುತ್ತವೆ, ಸುತ್ತಲಿನ ಬಾವಿಗಳಿಂದ ಮೋಟಾರಿನ ಸ್ಟಾರ್ಟರುಗಳು ಬರುತ್ತವೆ, ಕಂಪ್ಯೂಟರುಗಳೂ ಬರುತ್ತವೆ. ಸರಿಮಾಡಿದ್ದನ್ನು ಕೊಡುವಾಗ ತನ್ನ ಕೆಲಸವನ್ನು ತಾನೇ ಮನಸಾರೆ ಹೊಗಳಿಕೊಳ್ಳುತ್ತಾಳೆ. "ಇದನ್ನ ತೇನಿಲಿ ಯಾರ್ ಹತ್ರ ಬೇಕಾದ್ರೂ ತೋರ್ಸಿ, ಇಷ್ಟು ಅಂದವಾಗಿ ಬೆಸುಗೆ ಹಾಕೋರು ಸಿಕ್ಕಲ್ಲ," ಎನ್ನುತ್ತಾಳೆ. ಸಂಕೋಚ ಎಂಬುದು ಅವಳ ಹತ್ತಿರ ಸುಳಿದದ್ದಿಲ್ಲ. ನನಗೆ ಇದು ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಆಮೇಲೆ ಅವಳು ಹೇಳುವುದೆಲ್ಲ ನಿಜವೆಂದು ಗೊತ್ತಾಗಿ ಇನ್ನೂ ಕಿರಿಕಿರಿಯಾಯಿತು.

ಈಗ ಹೇಳಹೊರಟಿರುವುದು ಹೋದ ಬೇಸಿಗೆಯ ಒಂದು ದಿನದ ಮಾತು. ಅದಕ್ಕೆ ನಮ್ಮ ಅತ್ತೆಯ ಯಂತ್ರದ ವಿಷಯ ಮೊದಲು ಹೇಳಬೇಕು.

ಅತ್ತೆಯದು ಕಸೂತಿ ಯಂತ್ರ. ನಡುಮನೆಯಲ್ಲಿ ಅರ್ಧ ಜಾಗ ಅದಕ್ಕೇ. ಮದುಮಗಳ ರವಿಕೆಯ ಬೆನ್ನಿಗೆ ನವಿಲು, ತೋಳಿಗೆ ಮಾವಿನಕಾಯಿ, ಅಂಚಿಗೆ ದ್ರಾಕ್ಷಿ ಬಳ್ಳಿ. ದ್ರಾಕ್ಷಿ ಬಳ್ಳಿ ಅತ್ತೆಯದೇ ಸ್ವಂತ ಚಿತ್ರ. ಈ ಕಣಿವೆಯಲ್ಲಿ ಬಳ್ಳಿ ಹೇಗೆ ತಿರುಗಿ ಕಂಬಿ ಹಿಡಿಯುತ್ತದೆಂದು ಹುಟ್ಟಿದಾಗಿನಿಂದ ನೋಡಿದವರ ಕೈ ಅದು. ಯಂತ್ರಕ್ಕೆ ಈ ಚಿತ್ರಗಳನ್ನು ಕೊಡುವುದು ಪಕ್ಕದ ಹಳೆಯ ಕಂಪ್ಯೂಟರು. ಅದರ ಬೆನ್ನಿಗೆ, ಹಿಂದಿನ ಕಾಲದ ಪ್ರಿಂಟರುಗಳಿಗೆ ಇರುತ್ತಿದ್ದ ಅಗಲ ಬಾಯಿಗೆ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪ್ಲಾಸ್ಟಿಕ್ಕಿನ ಕೀಲಿ ಚುಚ್ಚಿರಬೇಕು. ಕೀಲಿ ಇದ್ದರೆ ಮಾತ್ರ ಕಸೂತಿಯ ಪ್ರೋಗ್ರಾಂ ತೆರೆಯುತ್ತದೆ. ಆ ಪ್ರೋಗ್ರಾಂ ತೆರೆದರೆ ಮಾತ್ರ ಅತ್ತೆ ಇಷ್ಟು ವರ್ಷ ಕೂತು ಬಿಡಿಸಿದ ಬಳ್ಳಿಗಳು ಕಾಣುತ್ತವೆ. ಹೊಸ ಕಂಪ್ಯೂಟರುಗಳಲ್ಲಿ ಆ ಅಗಲ ಬಾಯಿಯೇ ಇಲ್ಲ.

ಬೇಸಿಗೆಯ ಗುಡುಗಿನ ಒಂದು ಮಧ್ಯಾಹ್ನ ಕರೆಂಟು ಹೋಗಿ, ಬರುವಾಗ ಕುಣಿದುಕೊಂಡು ಬಂತು. ಕಂಪ್ಯೂಟರು ಒಮ್ಮೆ ಸೀದು ಸುಮ್ಮನಾಯಿತು. ನಾದಿನಿ ಬಿಚ್ಚಿ ಮೂಸಿದಳು. ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳ ಹಾಗೆ ನಿಂತಿರುವ ಕೆಪಾಸಿಟರುಗಳ ತಲೆಗಳು ಉಬ್ಬಿ ಒಡೆದಿದ್ದವು. ಅದನ್ನು ಅವಳು ಬದಲಿಸಬಲ್ಲಳು. ಆದರೆ ಪಕ್ಕದಲ್ಲಿ ಬೋರ್ಡೇ ಕಪ್ಪಾಗಿ, ಒಳಗಿನ ಪದರದವರೆಗೆ ಸುಟ್ಟಿತ್ತು. "ಇದು ಮುಗ್ದೋಯ್ತು," ಎಂದಳು. ಹೊಗಳಿಕೊಳ್ಳುವಷ್ಟೇ ನೇರವಾಗಿ ಸೋಲನ್ನೂ ಹೇಳುತ್ತಾಳೆ.

ಅದೇ ಜಾತಿಯ ಹಳೆಯ ಬೋರ್ಡು ಸಿಕ್ಕಿದರೆ ಎಲ್ಲವೂ ಮೊದಲಿನಂತೆ ನಡೆಯುತ್ತದೆ, ಚಿತ್ರಗಳಿರುವ ಡಿಸ್ಕು ಕೆಟ್ಟಿಲ್ಲ ಎಂದು ಅವಳು ಹುಡುಕಲು ಹೊರಟಳು. ನಾನೂ ಜೊತೆಗೆ. ಕಂಬಂ ಆಯಿತು, ತೇನಿ ಆಯಿತು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅವಳ ಪರೀಕ್ಷೆ ನೋಡುವುದೇ ಒಂದು ಸುಖ. ತೇನಿಯ ಅಂಗಡಿಯವನೊಬ್ಬ ತಳತಳ ಹೊಳೆಯುವ ಬೋರ್ಡನ್ನು ತಂದು ಮುಂದಿಟ್ಟ. ನನಗೆ ಆಗಲೇ ಹೊತ್ತುಕೊಂಡು ಮನೆಗೆ ಓಡುವ ಆಸೆ. ಇವಳು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದಳು, ನೇರವಾಗಿ ಅಲ್ಲ. ನೇರ ಬೆಳಕಿನಲ್ಲಿ ಬೋರ್ಡು ಸುಳ್ಳು ಹೇಳುತ್ತದಂತೆ. "ಪಳಸು, ಹಳೇದು, ಇಷ್ಟು ಹೊಳೆಯಲ್ಲ ಅತ್ತಿಗೆ. ಯಾತರಲ್ಲೋ ತೊಳ್ದವ್ರೆ," ಎಂದು ನನಗೆ ಮಾತ್ರ ಕೇಳುವಂತೆ ಕನ್ನಡದಲ್ಲಿ ಹೇಳಿ, ಹಲ್ಲುಕಡ್ಡಿಯಿಂದ ಒಂದು ಸ್ಲಾಟಿನ ಅಡಿಯನ್ನು ತೋಡಿದಳು. ಬಿಳಿ ಹುಡಿ ಬಂತು. ನೀರು ನಿಂತು ಒಣಗಿದ ಗುರುತು. ಅಂಗಡಿಯವನಿಗೆ ನಗುತ್ತಲೇ ತಮಿಳಿನಲ್ಲಿ, ಅಣ್ಣ, ಇದು ಈಜು ಕಲಿತು ಬಂದಿದೆಯಲ್ಲ ಎಂದಳು. ಅವನೂ ನಕ್ಕುಬಿಟ್ಟ. ಇನ್ನೊಂದರಲ್ಲಿ ಪ್ರೊಸೆಸರು ಕೂರುವ ಜಾಗದ ಕೂದಲೆಳೆ ಪಿನ್ನುಗಳು ಮಲಗಿದ್ದವು. ಮತ್ತೊಂದರಲ್ಲಿ ಸ್ಕ್ರೂಡ್ರೈವರ್ ಜಾರಿ ತಾಮ್ರದ ಗೆರೆ ತುಂಡಾಗಿತ್ತು. ಎಲ್ಲವನ್ನೂ ಅವಳು ಅಂಚಿನಲ್ಲೇ ಹಿಡಿಯುತ್ತಿದ್ದಳು, ಹಸುಗೂಸಿಗೆ ಎಣ್ಣೆ ಹಚ್ಚುವವರು ಕತ್ತಿನಡಿ ಕೈ ಕೊಟ್ಟು ಹಿಡಿಯುವಂತೆ. ಬೇಡವಾದದ್ದನ್ನೂ ಅಷ್ಟೇ ಮೆಲ್ಲಗೆ ಕೆಳಗಿಡುತ್ತಿದ್ದಳು.

ಅತ್ತೆ ಅಷ್ಟರಲ್ಲಿ ತೀರ್ಮಾನ ಮಾಡಿಯಾಗಿತ್ತು. ದಿಂಡಿಗಲ್ಲಿನ ಕಡೆ ಹಳೆಯ ಯಂತ್ರಗಳನ್ನು ಕೊಂಡು ಮಾರುವವನೊಬ್ಬನಿಗೆ ಮಾತು ಕೊಟ್ಟಿದ್ದರು. "ಬಂದು ತಕ್ಕೊಂಡು ಓಗ್ಲಿ. ನಾನೂ ಎಷ್ಟು ದಿನ ಅಂತ ಇದರ ಹಿಂದೆ ಓಡಲಿ," ಎಂದರು, ಸೊಪ್ಪು ಸೋಸುತ್ತ, ತಲೆ ಎತ್ತದೆ. ಅವರು ದುಃಖವನ್ನು ಎದುರಿಗೆ ಇಡುವವರಲ್ಲ. ಆದರೆ ಮರುದಿನ ಯಂತ್ರದ ಸಂದುಗೊಂದುಗಳಿಗೆಲ್ಲ ಎಣ್ಣೆ ಬಿಟ್ಟು, ಒಗೆದ ಪಂಚೆಯ ತುಂಡಿನಿಂದ ಒರೆಸುತ್ತ ಕೂತಿದ್ದನ್ನು ನಾನು ಅಡಿಗೆಮನೆಯಿಂದ ನೋಡಿದೆ. ಬೇರೆಯವರ ಮನೆಗೆ ಹೋಗುವ ಯಂತ್ರಕ್ಕೆ ಈ ಉಪಚಾರ. ನಾದಿನಿಯ ಹತ್ತಿರ ಹೋಗಿ, "ಏನಾದರೂ ಮಾಡೇ," ಎಂದೆ. ಅವಳು ಎಂದಿನಂತೆ ಜಂಬ ಕೊಚ್ಚಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

ದಿಂಡಿಗಲ್ಲಿನವನು ಬರಬೇಕಾಗಿದ್ದ ದಿನ ಬಂದೇಬಂತು. ಸಂಜೆಗೆ ಬರುತ್ತೇನೆ ಎಂದಿದ್ದ. ಹಿಂದಿನ ದಿನವಷ್ಟೇ ನಾದಿನಿಗೆ ತೇವಾರಂನಲ್ಲಿ ಅದೇ ಜಾತಿಯ ಬೋರ್ಡು ಒಬ್ಬರ ಹತ್ತಿರ ಇರುವ ಸುದ್ದಿ ಸಿಕ್ಕಿತ್ತು. ನಮ್ಮ ಕನ್ನಡದವರೇ, ವಯಸ್ಸಾದವರು, ಸುತ್ತಿನ ಊರುಗಳಿಗೆಲ್ಲ ಮದುವೆ ಪತ್ರಿಕೆ ಅಚ್ಚು ಮಾಡಿಕೊಡುತ್ತಿದ್ದವರು. ಕೊಡುತ್ತೇನೆ ಎಂದು ಫೋನಿನಲ್ಲಿ ಒಪ್ಪಿದ್ದರು. ನಮಗೆ ಬೋರ್ಡು ಸಾಕು ಎಂದು ಇವಳು ಹೇಳಿದ್ದಳು. ಬೆಳಗಿನ ಮೊದಲ ಬಸ್ಸಿಗೇ ಹೊರಟೆವು. ಅವಳ ಹೆಗಲಿನ ಚೀಲದಲ್ಲಿ ಬೋರ್ಡಿಗೆ ಕರೆಂಟು ಕೊಡುವ ತಗಡಿನ ಪೆಟ್ಟಿಗೆ, ಅದರ ವೈರುಗಳು, ಮೃದು ಬ್ರಷ್ಷು, ಭೂತಗನ್ನಡಿ, ಹಲ್ಲುಕಡ್ಡಿಗಳು ಮತ್ತು ನನ್ನ ಇಡ್ಲಿ ಪೊಟ್ಟಣ.

ತೇವಾರಂನಲ್ಲಿ ಬೆಟ್ಟ ಮನೆಗಳ ಹಿತ್ತಲಿಗೇ ಬಂದು ನಿಂತಿರುತ್ತದೆ. ಅವರ ಮನೆಯೂ ಹಾಗೇ. ಒಂದು ಕಡೆ ಹಸುಗಳು, ಅದಕ್ಕೆ ಒತ್ತಿಕೊಂಡ ಕೋಣೆಯಲ್ಲಿ ಅಚ್ಚಿನ ಕೆಲಸ ಮಾಡುತ್ತಿದ್ದ ಜಾಗ, ಅಲ್ಲೇ ಮೂಲೆಯಲ್ಲಿ ತೋಟದ ಔಷಧಿಯ ಚೀಲಗಳು. ಯಜಮಾನರು ಬೋರ್ಡನ್ನು ಮಡಿಸಿದ ಟವೆಲ್ಲಿನ ಮೇಲೆ ಇಟ್ಟು, ಮೇಲೊಂದು ಟವೆಲ್ಲು ಹೊದಿಸಿ ಕಾಯುತ್ತಿದ್ದರು.

"ವಾ ಕಣ್ಣು, ಬಾ. ನೀನೇ ಬಿಚ್ಚಿ ನೋಡ್ಕೋ," ಎಂದರು ನಾದಿನಿಗೆ. "ನನ್ನ ಕೈಲಿ ಒಂದು ದಿನ ಮಕ್ಕರ್ ಮಾಡಿದ್ದಿಲ್ಲ ಇದು, ಕೆಟ್ಟು ನಿಂತಿದ್ದಿಲ್ಲ. ಎಷ್ಟು ಮದುವೆ ಮಾಡ್ಸಿದೆ ಗೊತ್ತಾ!"

ನಾದಿನಿ ಟವೆಲ್ಲು ತೆಗೆದಳು. ಬೋರ್ಡಿನ ಒಂದು ಮೂಲೆಯ ತುಂಬ ನೀಲಿ ಹಸಿರು ಚುಕ್ಕೆಗಳು. ತಾಮ್ರ ಕಿಲುಬಿದರೆ ಬರುವ ಬಣ್ಣವೇ ಅದು, ಬೀಗದೂರಿನವಳಾದ ನನಗೆ ಅಷ್ಟಾದರೂ ಗೊತ್ತು. "ಹೋಯಿತು ಬಿಡು, ಕಿಲುಬು ಹಿಡಿದಿದೆ," ಎಂದೆ. ನನಗೆ ತೀರ್ಪು ಕೊಡುವುದೆಂದರೆ ಯಾವಾಗಲೂ ಅವಸರ.

ನಾದಿನಿ ಬಗ್ಗಿದಳು. ಮೂಸಿದಳು. ಮೂಸಿದವಳು ಮೂಲೆಯ ಚೀಲಗಳ ಕಡೆ ತಿರುಗಿ ನೋಡಿದಳು. ಬೋರ್ಡನ್ನು ಎತ್ತಿಕೊಂಡು ಅಂಗಳಕ್ಕೆ ನಡೆದು, ಕಣಿವೆಯ ಆಚೆಯಿಂದ ಬರುತ್ತಿದ್ದ ಎಳೆ ಬಿಸಿಲಿಗೆ ಓರೆ ಹಿಡಿದು, ಬ್ರಷ್ಷಿನ ತುದಿಯಿಂದ ಒಂದು ಚುಕ್ಕೆಯನ್ನು ಮುಟ್ಟಿದಳು. ಹುಡಿಯಾಗಿ ಉದುರಿತು. ಅದರ ಕೆಳಗೆ ಬೆಸುಗೆ ಬೆಳ್ಳಗೆ ಹೊಳೆಯುತ್ತಿತ್ತು. ಇನ್ನೊಂದು ಚುಕ್ಕೆ, ಮತ್ತೊಂದು. ಪ್ರತಿ ಪಿನ್ನಿನ ಬುಡವನ್ನೂ ಭೂತಗನ್ನಡಿಯಲ್ಲಿ ನೋಡಿದಳು.

"ಮಯಿಲ್‌ತುತ್ತ," ಎಂದಳು. "ಬಳ್ಳಿಗೆ ಸುಣ್ಣದ ಜೊತೆ ಹೊಡೆಯೋದು. ಮೇಲೆ ಕೂತದೆ ಅಷ್ಟೆ, ತಿಂದಿಲ್ಲ. ಮಳೆಗಾಲ ಆಗಿದ್ರೆ ತಿನ್ನೋದು. ಮಾವ, ಇದನ್ನ ಆ ಚೀಲದ ಪಕ್ಕ ಇನ್ನೊಂದು ತಿಂಗಳು ಬಿಟ್ಟಿದ್ರೆ ನಾ ಬತ್ತಿರ್ಲಿಲ್ಲ."

ನನಗೆ ಹೋದ ಜೀವ ಬಂತು. ಆದರೆ ಅವಳ ಮುಖ ಸಡಿಲವಾಗಲಿಲ್ಲ. ಚೀಲದಿಂದ ತನ್ನ ಪೆಟ್ಟಿಗೆ ತೆಗೆದು ಬೋರ್ಡಿಗೆ ವೈರು ಸಿಕ್ಕಿಸಿ, ಯಜಮಾನರ ಕೋಣೆಯ ಕರೆಂಟು ಕೊಟ್ಟಳು. ಫ್ಯಾನು ಒಮ್ಮೆ ನಡುಗಿ, ಕಾಲು ಸುತ್ತು ತಿರುಗಿ, ನಿಂತುಹೋಯಿತು. ಮತ್ತೆ ಕೊಟ್ಟಳು. ಮತ್ತೆ ಅದೇ. ಯಜಮಾನರ ಮುಖ ಸಣ್ಣದಾಯಿತು. ಆಚೆ ಮೊನ್ನೆಯವರೆಗೂ ಓಡುತ್ತಿತ್ತು, ಕಣ್ಣಾಣೆ ಎಂದರು. ಅವರು ಸುಳ್ಳು ಹೇಳುವವರಂತೆ ಕಾಣಲಿಲ್ಲ. ಆದರೆ ಓಡದ ಫ್ಯಾನು ಕಣ್ಣೆದುರಿಗೇ ಇತ್ತು, ಮತ್ತು ಸಂಜೆಗೆ ದಿಂಡಿಗಲ್ಲಿನವನು ಬರುವುದಿತ್ತು.

"ನಡುವೆ ಯಾರಾದ್ರೂ ಇದನ್ನ ಮುಟ್ಟಿದ್ರಾ ಮಾವ?"

"ಯಾರೂ ಮುಟ್ಟಿಲ್ಲೆ ತಾಯಿ. ಪೆಟ್ಟಿಗೆಯಿಂದ ತೆಗ್ದು ಇಲ್ಲಿ ಇಟ್ಟೆ. ಅಷ್ಟೇ."

ಆಮೇಲೆ ಅವಳು ನೋಡಿದ ಬಗೆಯನ್ನು ನಾನು ಎಷ್ಟು ಹೇಳಿದರೂ ಸಾಲದು. ಅಂಗಳದ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಬೋರ್ಡನ್ನು ಬೆನ್ನು ಮೇಲಾಗಿ ತಿರುಗಿಸಿ, ಬಿಸಿಲಿಗೆ ಹೇಗೆ ಹಿಡಿದರೆ ಯಾವ ಗೀರು ಏಳುತ್ತದೆ ಎಂದು ಸ್ವಲ್ಪಸ್ವಲ್ಪವೇ ವಾಲಿಸುತ್ತ ಹೋದಳು. ಮೂಲೆಗಳಿಂದ ಶುರು, ನಡುವಿಗೆ ಕೊನೆಯಲ್ಲಿ. ಸ್ಕ್ರೂ ತೂತಿನ ಸುತ್ತ ನೋಡಿದಳು, ಮೆಮೊರಿ ಕೂರುವ ಸ್ಲಾಟಿನ ಕಿವಿಗಳನ್ನು ನೋಡಿದಳು, ಅಂಚಿನಲ್ಲಿ ಎಳ್ಳಿನಷ್ಟು ಸಣ್ಣ ತುಣುಕು ಯಾವುದಾದರೂ ಕಿತ್ತುಹೋಗಿದೆಯೇ ಎಂದು ಬೆರಳಿನ ತುದಿಯಲ್ಲಿ ತಡವಿದಳು. ಹಸುವೊಂದು ಬಂದು ಅವಳ ಚೀಲ ನೆಕ್ಕಿದರೂ ಗಮನವಿಲ್ಲ. ಸದಾ ವಟವಟ ಎನ್ನುವ ಆ ಬಾಯಿ ಆಗ ಮುಚ್ಚಿತ್ತು. ಅವಳ ನಿಜವಾದ ಬೀಗ ಇದು ಎಂದುಕೊಂಡೆ. ಎದುರಿಗಿರುವ ವಸ್ತು ತಾನಾಗಿಯೇ ಹೇಳುವವರೆಗೆ ಕಾಯುವ ತಾಳ್ಮೆ ಈ ಗಯ್ಯಾಳಿಗೆ ಎಲ್ಲಿಂದ ಬಂತೋ!

ಕರೆಂಟಿನ ದೊಡ್ಡ ವೈರು ಬಂದು ಕೂರುವ ಕನೆಕ್ಟರಿನ ಹತ್ತಿರ ಅವಳ ಕೈ ನಿಂತಿತು. "ಅತ್ತಿಗೆ, ಇಲ್ಲಿ ನೋಡು," ಎಂದು ಭೂತಗನ್ನಡಿ ಕೊಟ್ಟಳು. ಬೆನ್ನಿನ ಕಡೆ, ಪಿನ್ನುಗಳ ಸುತ್ತ ಬೆಸುಗೆಯ ಬೆಳ್ಳಿ ಗುಂಡುಗಳು. ಕೆಲವು ಗುಂಡುಗಳ ಸುತ್ತ ಕೂದಲಿನಷ್ಟು ಸಣ್ಣ ಕಪ್ಪು ಬಳೆ. ಬೆಸುಗೆ ಬಿರುಕು ಬಿಟ್ಟು ಪಿನ್ನು ಒಳಗೇ ಅಲ್ಲಾಡುತ್ತಿದೆ ಎಂದು ಅದರ ಅರ್ಥ. ಮುಂದಿನ ಕಡೆ ತಿರುಗಿಸಿ ತೋರಿಸಿದಳು. ಕನೆಕ್ಟರಿನ ಬದಿಯಲ್ಲಿ ವೈರಿನ ಕೊಕ್ಕೆ ಸಿಕ್ಕಿಕೊಳ್ಳುವ ಗುಬುಟು ಇರುತ್ತದೆ, ಅದು ಮುರಿದಿತ್ತು. ಮುರಿದ ಜಾಗ ಇನ್ನೂ ಬಿಳಿ. ಉಳಿದೆಡೆಯೆಲ್ಲ ಹಳೆಯ ದೂಳು, ಅಲ್ಲಿ ಮಾತ್ರ ದೂಳಿಲ್ಲ.

"ಇದು ಹೊಸ ಗಾಯ," ಎಂದಳು. "ಯಾರೋ ಕೊಕ್ಕೆ ಒತ್ತದೆ ವೈರು ಹಿಡಿದು ಎಳೆದವ್ರೆ. ಬೋರ್ಡು ಬಿಲ್ಲಿನಂಗೆ ಬಗ್ಗಿದೆ."

ಅಷ್ಟು ಹೇಳಿದವಳು ತಲೆ ಎತ್ತಿ ಕೊಟ್ಟಿಗೆಯ ಕಡೆ ನೋಡಿದಳು. ನಾನೂ ನೋಡಿದೆ. ಗೋಡೆಯಲ್ಲಿ ಮರದ ಗೂಟ. ಗೂಟದಲ್ಲಿ ಹಳೆಯ ಹಗ್ಗಗಳು ನೇತಾಡುತ್ತಿದ್ದವು. ಅವುಗಳ ಮೇಲೆ, ಅಚ್ಚುಕಟ್ಟಾಗಿ ಸುತ್ತಿ ಕಟ್ಟಿದ, ಹಳದಿ ಕೆಂಪು ಕಪ್ಪು ವೈರುಗಳ ಒಂದು ಕಟ್ಟು.

ನಮ್ಮವರಲ್ಲಿ ಹಸು ಮಾರಿದರೆ ಅದರ ಹಗ್ಗ ಕೊಡುವುದಿಲ್ಲ. ಮನೆಮಾತಿನಲ್ಲಿ ಆ ಹಗ್ಗಕ್ಕೆ ಕಣ್ಣಿ ಎನ್ನುತ್ತಾರೆ. ಕೊಳ್ಳುವವರು ತಮ್ಮದೇ ಕಣ್ಣಿ ತರಬೇಕು. ಮಾರುವವರು ತಮ್ಮ ಕಣ್ಣಿಯನ್ನು ಬಿಚ್ಚಿ ಗೂಟಕ್ಕೆ ಹಾಕುತ್ತಾರೆ. ಕಣ್ಣಿಯೂ ಹೊರಟುಹೋದರೆ ಕೊಟ್ಟಿಗೆಯ ಭಾಗ್ಯವೂ ಅದರ ಹಿಂದೆ ನಡೆದುಹೋಗುತ್ತದೆ ಎಂದು ನಂಬಿಕೆ. ಯಜಮಾನರು ಬೋರ್ಡು ಕೊಡಲು ಒಪ್ಪಿದ ದಿನವೇ ಅದರ ಕಣ್ಣಿಯನ್ನು, ಅಂದರೆ ಆ ಕರೆಂಟಿನ ವೈರನ್ನು, ಬಿಚ್ಚಿದ್ದರು. ಇಷ್ಟು ಮದುವೆ ಮಾಡಿಸಿದ್ದನ್ನು ಬರಿದೇ ಕಳಿಸಿಬಿಡಲು ಅವರಿಗೆ ಮನಸ್ಸಾಗಿರಲಿಲ್ಲ. ಯಾರೂ ಮುಟ್ಟಿಲ್ಲ ಎಂದದ್ದೂ ಅವರ ಲೆಕ್ಕದಲ್ಲಿ ಸುಳ್ಳಲ್ಲ. ಕಣ್ಣಿ ಬಿಚ್ಚುವುದನ್ನು ಹಸುವನ್ನು ಮುಟ್ಟಿದಂತೆ ಎಂದು ಯಾರು ತಿಳಿಯುತ್ತಾರೆ?

ನಾದಿನಿ ಈಗ ಬಾಯಿ ಬಿಡುತ್ತಾಳೆ, ಮುದುಕರಿಗೆ ಚೆನ್ನಾಗಿ ಆಗುತ್ತದೆ ಎಂದು ನಾನು ಸೆರಗು ಬಿಗಿದು ನಿಂತೆ. ಅವಳು ಬೈಯಲಿಲ್ಲ. ಬೋರ್ಡು ಹಿಡಿದುಕೊಂಡು ಅವರ ಪಕ್ಕ ಹೋಗಿ ನಿಂತು, "ಮಾವ, ಕಣ್ಣಿ ಬಿಚ್ಚುವಾಗ ಜೋರಾಗಿ ಎಳೆದ್ರಾ?" ಎಂದು ಕೇಳಿದಳು.

"ಬರ್ಲಿಲ್ಲವಲ್ಲ ತಾಯಿ, ಹಟ ಮಾಡ್ತು," ಎಂದರು ಅವರು. ಆಮೇಲೆ ಅವಳ ಮುಖ ನೋಡಿ, ಬೋರ್ಡು ನೋಡಿ, ಅರ್ಥವಾಗಿ, ತಲೆಯ ಮೇಲೆ ಕೈಯಿಟ್ಟುಕೊಂಡರು. "ಐಯೋ. ನಾನೇ ಕಾಲು ಮುರ್ದೆನಾ?"

"ಮುರಿದಿಲ್ಲ, ಉಳುಕದೆ ಅಷ್ಟೆ. ಇಲ್ಲಿ ನೋಡಿ, ಇದಕ್ಕೂ ಒಂದು ಗಂಟದೆ. ಈ ಕೊಕ್ಕೆ ಒತ್ತಿದ್ರೆ ತಾನಾಗೇ ಬತ್ತದೆ." ತನ್ನ ವೈರಿನ ಕೊಕ್ಕೆಯನ್ನು ಅವರ ಹೆಬ್ಬೆರಳಿನಿಂದಲೇ ಒತ್ತಿಸಿ ತೋರಿಸಿದಳು. ಆಮೇಲೆ ಆ ವೈರನ್ನೇ ಮತ್ತೆ ಸಿಕ್ಕಿಸಿ, ಕನೆಕ್ಟರನ್ನು ಬೆರಳಿನಿಂದ ಒಂದು ಬದಿಗೆ ಒತ್ತಿ ಹಿಡಿದು, ಕರೆಂಟು ಕೊಡಲು ನನಗೆ ಕಣ್ಣು ಸನ್ನೆ ಮಾಡಿದಳು. ಒತ್ತಿದೆ. ಫ್ಯಾನು ತಿರುಗಿತು. ತಿರುಗುತ್ತಲೇ ಇತ್ತು. ಬೆರಳು ತೆಗೆದಳು, ನಿಂತಿತು. ಒತ್ತಿದಳು, ತಿರುಗಿತು.

"ಬೆಸುಗೆ ಮಾತ್ರ ಅತ್ತಿಗೆ! ಬೇರೆ ಏನೂ ಇಲ್ಲ! ಇದನ್ನ ಕಂಡುಹಿಡಿಯೋಕೆ ಬೇರೆಯವರಾಗಿದ್ರೆ ಒಂದು ವಾರ ಬೇಕಾಗಿತ್ತು!" ಎಂದು ಅಂಗಳದಲ್ಲಿ ಕೂಗಿದಳು. ಹಳೆಯ ನಾದಿನಿ ವಾಪಸು ಬಂದಿದ್ದಳು. ಆ ಜಂಬ ಕೇಳಿ ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಹೊರಡುವಾಗ ಯಜಮಾನರು ಗೂಟದ ಹತ್ತಿರ ಹೋಗಿ ನಿಂತರು. ವೈರಿನ ಕಟ್ಟಿನ ಮೇಲೆ ಕೈಯಿಟ್ಟು ಹಿಂದೆಮುಂದೆ ನೋಡಿದರು. "ಇದೂ ಬೇಕಾದ್ರೆ..." ಎಂದರು.

"ಬೇಡ ಮಾವ," ಎಂದು ನಾದಿನಿ ಹೆಗಲ ಚೀಲ ತಟ್ಟಿದಳು. "ನಮ್ಮ ಕಣ್ಣಿ ನಾವೇ ತಂದಿದ್ದೀವಿ."

ಮುದುಕರ ಮುಖ ಅರಳಿತು. ಬಸ್ಸಿನಲ್ಲಿ ನಾನು ಅವಳ ಕೈಯನ್ನು ಹಿಡಿದು ಕೂತೆ. ಏನಾಯಿತು ನಿನಗೆ ಎಂದು ಕೈ ಕೊಡವಿದಳು.

ಮಧ್ಯಾಹ್ನದ ಹೊತ್ತಿಗೆ ಜಗಲಿಯ ಮೇಜಿನ ಮೇಲೆ ಬೋರ್ಡು ಬೆನ್ನು ಕೊಟ್ಟು ಮಲಗಿತ್ತು. ಹಳೆಯ ಬೆಸುಗೆಯನ್ನು ಕರಗಿಸಿ ಹೀರಿ ತೆಗೆದು, ಒಂದೊಂದು ಪಿನ್ನಿಗೂ ಹೊಸದಾಗಿ ಹಾಕಿದಳು. ಹೊಗೆಯ ಎಳೆ ಎದ್ದು ಅವಳ ಮುಂಗುರುಳ ಹತ್ತಿರ ಸುತ್ತುತ್ತಿತ್ತು. ಅತ್ತೆ ಆಗಾಗ ಬಾಗಿಲಿಗೆ ಬಂದು ನೋಡಿ, ಏನೂ ಕೇಳದೆ ಒಳಗೆ ಹೋಗುತ್ತಿದ್ದರು. ನಾನು ಬೀದಿಯ ಕಡೆ ಕಿವಿ ಕೊಟ್ಟಿದ್ದೆ. ಲೋಡ್ ಆಟೋ ಸದ್ದಾದಾಗಲೆಲ್ಲ ಎದ್ದು ಹೋಗಿ ನೋಡುತ್ತಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಬೋರ್ಡನ್ನು ಪೆಟ್ಟಿಗೆಯಲ್ಲಿ ಕೂರಿಸಿ, ನಡುಮನೆಗೆ ತಂದು ಗುಂಡಿ ಒತ್ತಿದಳು. ಪರದೆ ಬೆಳಗಿತು. ಹಳೆಯ ಡಿಸ್ಕು ತನ್ನ ಎಂದಿನ ಕಟಕಟ ಸದ್ದಿನೊಂದಿಗೆ ಎದ್ದಿತು. ನಾನು ಚಪ್ಪಾಳೆ ತಟ್ಟಿಯೂ ಬಿಟ್ಟೆ. ಕಸೂತಿಯ ಪ್ರೋಗ್ರಾಂ ಮಾತ್ರ ತೆರೆಯಲಿಲ್ಲ. ಕೀಲಿ ಇಲ್ಲ ಎಂದು ಪರದೆಯ ಮೇಲೆ ಬರೆದು ಬಂತು.

ನಾದಿನಿ ಹಿಂದೆ ಬಗ್ಗಿ ನೋಡಿದಳು. ಅಗಲ ಬಾಯಿ ಖಾಲಿಯಾಗಿತ್ತು. ಸುಟ್ಟ ಬೋರ್ಡಿನ ಹಿಂದೆ ನೋಡಿದಳು, ಮೇಜಿನ ಕೆಳಗೆ ನೋಡಿದಳು, ನಾನು ಗುಡಿಸಿದ ಕಸದ ಮೊರವನ್ನೂ ಬಿಡಲಿಲ್ಲ. ಕೀಲಿ ಇಲ್ಲದೆ ಯಂತ್ರ ಯಾರ ಮನೆಯಲ್ಲಿದ್ದರೇನು, ಬರಿ ಕಬ್ಬಿಣ. ಬೋರ್ಡಿನ ಕೂದಲೆಳೆ ಬಿರುಕನ್ನು ಹುಡುಕಿ ತಂದವಳಿಗೆ ಮನೆಯೊಳಗಿನ ಬೆಂಕಿಪೊಟ್ಟಣದಷ್ಟು ದೊಡ್ಡ ವಸ್ತು ಸಿಗಲಿಲ್ಲ. ನನಗೆ ಅಳು ಬಂದಿತ್ತು. ಅವಳು ನೆಲದ ಮೇಲೆ ಕೂತು, ಆ ಖಾಲಿ ಬಾಯಿಯನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಮುಖ ಬದಲಾಯಿತು. ತಿರುಗಿ, ಬಾಗಿಲಲ್ಲಿ ನಿಂತಿದ್ದ ತಾಯಿಯನ್ನು ಮೆಲ್ಲಗೆ ಕೇಳಿದಳು.

"ಅವ್ವಾ, ಕಣ್ಣಿ ಬಿಚ್ಚಿದೆಯಾ?"

ಅತ್ತೆ ಹಿತ್ತಲಿಗೆ ಹೋದರು. ಅಲ್ಲಿ ನಮ್ಮ ಕೊನೆಯ ಹಸುವಿನ ಹಗ್ಗ ಇನ್ನೂ ಗೂಟದಲ್ಲಿದೆ. ಆ ಹಗ್ಗದ ಸುರುಳಿಯೊಳಗೆ ಕೈಯಿಟ್ಟು, ರವಿಕೆಯ ಬಟ್ಟೆಯ ತುಂಡಿನಲ್ಲಿ ಸುತ್ತಿದ್ದ ಕೀಲಿಯನ್ನು ತೆಗೆದುಕೊಂಡು ಬಂದರು. ದಿಂಡಿಗಲ್ಲಿನವನಿಗೆ ಮಾತು ಕೊಟ್ಟ ದಿನವೇ ಅದನ್ನು ಬಿಚ್ಚಿದ್ದರಂತೆ. ಕೀಲಿ ಇಲ್ಲದೆ ಅವನು ಯಂತ್ರ ಕೊಂಡು ಏನು ಮಾಡಬೇಕಾಗಿತ್ತೋ, ಅದು ಅವರಿಗೆ ಹೊಳೆದೇ ಇರಲಿಲ್ಲ. ನಾನೂ ನಾದಿನಿಯೂ ಮುಖ ಮುಖ ನೋಡಿಕೊಂಡು ನಗಲಾರದೆ ಕೂತೆವು. ಅವರ ಕಣ್ಣು ತುಂಬಿತ್ತು. ಸೊಪ್ಪು ಸೋಸುವಾಗ ಕಾಣದಂತೆ ಇಟ್ಟುಕೊಂಡದ್ದೆಲ್ಲ ಆ ಬಟ್ಟೆಯ ಗಂಟಿನೊಳಗಿತ್ತು.

"ಬಿಚ್ಚಿದ ಕಣ್ಣಿ ಮತ್ತೆ ಕಟ್ಟಬಹುದಾ?" ಎಂದು ಮಗಳನ್ನು ಕೇಳಿದರು. ಮನೆಯ ರೀತಿನೀತಿಗಳನ್ನೆಲ್ಲ ನನಗೆ ಕಲಿಸಿದ ಅತ್ತೆ, ಮೊದಲ ಸಲ ತಾವು ಕೇಳುತ್ತಿದ್ದರು.

"ಹಸು ಇನ್ನೂ ಒಳಗೇ ಅದೆಯಲ್ಲವ್ವಾ," ಎಂದಳು ನಾದಿನಿ. "ನೀನೇ ಕಟ್ಟು."

ಅತ್ತೆ ಬಗ್ಗಿ ಕೀಲಿಯನ್ನು ಚುಚ್ಚಿದರು. ಪರದೆಯ ಮೇಲೆ ಅವರ ದ್ರಾಕ್ಷಿ ಬಳ್ಳಿ ತೆರೆದುಕೊಂಡಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಸೂಜಿಗೆ ನೂಲು ಏರಿಸಿ, ಕೈಗೆ ಸಿಕ್ಕಿದ ಬಟ್ಟೆಯನ್ನು ಕಸೂತಿಯ ಚೌಕಟ್ಟಿಗೆ ಬಿಗಿದು ಯಂತ್ರ ಓಡಿಸಿದರು. ಅವರು ಬಿಗಿದದ್ದು ಕೀಲಿ ಸುತ್ತಿದ್ದ ಆ ತುಂಡು ಬಟ್ಟೆಯನ್ನೇ ಎಂದು ನನಗೆ ಆಮೇಲೆ ಗೊತ್ತಾಯಿತು. ಅದು ಈಗಲೂ ನನ್ನ ಹತ್ತಿರ ಇದೆ.

ಬಳ್ಳಿ ಅರ್ಧ ಮೂಡಿದ್ದಾಗ ಬಾಗಿಲಲ್ಲಿ ಲೋಡ್ ಆಟೋ ನಿಂತಿತು. ದಿಂಡಿಗಲ್ಲಿನವನು ಯಂತ್ರ ಕಟ್ಟಿ ಒಯ್ಯಲು ಹೆಗಲಿಗೆ ಹೊಸ ಹಗ್ಗದ ಸುರುಳಿ ಹಾಕಿಕೊಂಡು ಒಳಗೆ ಬಂದ. ಓಡುತ್ತಿದ್ದ ಯಂತ್ರವನ್ನು ಕಂಡು ಹೊಸಿಲಲ್ಲೇ ನಿಂತುಬಿಟ್ಟ. ಅತ್ತೆ ಸೂಜಿಯಿಂದ ಕಣ್ಣು ತೆಗೆಯಲಿಲ್ಲ.

"ವಾಂಗ ತಂಬಿ, ಕಾಪಿ ಕುಡಿಚಿಟ್ಟು ಪೋಂಗ," ಎಂದರು, ಕಾಫಿ ಕುಡಿದು ಹೋಗಪ್ಪ ಎಂದು. ಆಮೇಲೆ ನಮ್ಮಿಬ್ಬರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದರು:

"ಅವನ ಕಣ್ಣಿ ಅವನೇ ವಾಪಸ್ ತಕ್ಕೊಂಡು ಓಗ್ಲಿ. ಮರೆತು ಬಿಟ್ಟು ಓಗದಂಗೆ ನೋಡ್ಕೊಳ್ರೇ."